ಮರಿಯಳ ಹಾಡಿನಲ್ಲಿ ಶ್ಯಾಮದಾಸ

ನನ್ನ ತಮ್ಮ ರಮಾಕಾಂತ ಮೊಬೈಲಿಗೆ ಕಳಿಸುವುದನ್ನೆಲ್ಲ ನೋಡುತ್ತ ಕೂತರೆ ನಾನು ಸಂಗೀತ ಕಲಿಸುವುದನ್ನು ಬಿಟ್ಟು ಅದನ್ನೇ ಒಂದು ನೌಕರಿ ಮಾಡಿಕೊಳ್ಳಬೇಕಾಗುತ್ತದೆ. ಮೊಣಕಾಲು ನೋವಿಗೆ ಮನೆಮದ್ದು, ಮಕರ ರಾಶಿಯ ವಾರಭವಿಷ್ಯ, ಯಾರೋ ಸ್ವಾಮಿಗಳ ಶುಭೋದಯ, ಯಾವುದನ್ನೂ ನಾನು ತೆರೆಯುವುದಿಲ್ಲ. ಡಿಸೆಂಬರಿನ ಆ ಬೆಳಿಗ್ಗೆ ಮಾತ್ರ ಅವನು ಕಳಿಸಿದ ವಿಡಿಯೋದ ಕೆಳಗೆ 'ಅಪ್ಪನ ಹಾಡು ಎಲ್ಲಿಗೆ ಹೋಗಿ ಮುಟ್ಟಿತು ನೋಡು' ಎಂಬ ಸಾಲಿತ್ತು. ತೆರೆದೆ.

ಹುಬ್ಬಳ್ಳಿಯ ಒಂದು ಚರ್ಚು. ಕ್ರಿಸ್‌ಮಸ್ಸಿನ ಹಾಡುಗಳ ತಾಲೀಮು ನಡೆದಿದೆ. ಹಿಂದೆ ಯಾರೋ ಏಣಿ ಹತ್ತಿ ಕಾಗದದ ನಕ್ಷತ್ರ ಕಟ್ಟುತ್ತಿದ್ದಾರೆ. ಮುಂದೆ ಹಾರ್ಮೋನಿಯಂ ಹಿಡಿದು ಕೂತವಳು ನನ್ನ ಶಿಷ್ಯೆ ಕೃಪಾ. ರಾಯಾಪುರದ ಒಂದು ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಬಸ್ಸು ಹಿಡಿದು ಧಾರವಾಡಕ್ಕೆ ಬಂದು, ಮಾಳಮಡ್ಡಿಯ ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಹಾಡು ಕಲಿಯುತ್ತಿರುವ ಹುಡುಗಿ. ಅವಳು ಹಾಡುತ್ತಿದ್ದುದು ಭೂಪ ರಾಗ. ಚೀಜು, ಎಂದರೆ ರಾಗಕ್ಕೆ ಕೂಡಿಸಿದ ಹಾಡು, ನಮ್ಮಪ್ಪನದು. ಮಾತು ಮಾತ್ರ ಪೂರ್ತಿ ನಮ್ಮಪ್ಪನದಾಗಿರಲಿಲ್ಲ.

ಈ ಹಾಡಿನ ವಿಷಯ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ನಮ್ಮ ಅವ್ವನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಕೂಡು ಮನೆ. ಅವ್ವನ ನೆಗೆಣ್ಣಿ, ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ, ಬಸುರಿಯರ ಉಡಿ ತುಂಬುವ ಹೊತ್ತಿಗೆ ಸರಿಯಾಗಿ ಅವ್ವನನ್ನು ಅಡುಗೆಮನೆಗೆ ಅಟ್ಟುತ್ತಿದ್ದಳಂತೆ. ಉಳಿದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರಂತೆ. ಅವ್ವ ಸಂಜೆಯಾದರೆ ವಿಠ್ಠಲನ ಗುಡಿಗೆ ಹೋಗಿ ಯಾರೊಡನೆಯೂ ಮಾತಾಡದೆ ಕೂತು ಬರುತ್ತಿದ್ದಳು. ಕಡೆಗೆ ನಾನು ಹುಟ್ಟಿದೆ. ಸಾಲೆಯಲ್ಲಿ ಗಣಿತ ಕಲಿಸುತ್ತ, ಮನೆಯಲ್ಲಿ ಹಾಡುತ್ತ ಇದ್ದ ನಮ್ಮಪ್ಪ ಶ್ಯಾಮರಾಯರು ಆಗ ಕಟ್ಟಿದ ಹಾಡು ಇದು:

ಅರಿತನು, ನುಡಿಯದ ಮಾತನು ಅರಿತನು,
ಬರಿದಾದ ಉಡಿಯನು ತುಂಬಿದನು.
ನಕ್ಕವರೆದುರಲಿ ತಲೆ ಎತ್ತಿಸಿದನು
ಶ್ಯಾಮದಾಸನ ಧಣಿ ತಾನು.

'ಶ್ಯಾಮದಾಸ' ಎಂಬುದು ಅಪ್ಪನ ಅಂಕಿತ. ಅವರು ಕಟ್ಟಿದ ಎಲ್ಲ ಚೀಜುಗಳ ಕೊನೆಗೂ ಅದು ಬರುತ್ತದೆ. ಉಳಿದವನ್ನೆಲ್ಲ ಅವರು ಕಛೇರಿಗಳಲ್ಲಿ ಹಾಡಿದರು, ಇದೊಂದನ್ನು ಮಾತ್ರ ಹಾಡಲಿಲ್ಲ. ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಇದನ್ನು ಹಾಡುವುದು ಪದ್ಧತಿಯಾಯಿತು. ಅವ್ವ ಮೊದಲ ಸಾಲು ಎತ್ತಿಕೊಡಬೇಕು, ಉಳಿದವರು ಸೇರಬೇಕು. ರಮಾಕಾಂತ ಹುಟ್ಟಿದಾಗ ಹಾಡಿದರು, ಅವನ ಮಕ್ಕಳಿಗೆ ಹಾಡಿದರು. ನನಗೆ ಮಕ್ಕಳಾಗಲಿಲ್ಲ. ನಾನು ಹುಟ್ಟಿದ್ದಕ್ಕೆ ಹುಟ್ಟಿದ ಹಾಡು ನನ್ನ ಮನೆಯ ತೊಟ್ಟಿಲಿಗೆ ಬರಲೇ ಇಲ್ಲ. ಅದರ ಸಂಕಟ ನನಗಿತ್ತು, ಈಗಲೂ ಇದೆ. ಒಂದು ದಿನ ಕೃಪಾ ಭೂಪವನ್ನು ಎಷ್ಟು ಚಂದ ಹಾಡಿದಳೆಂದರೆ ಆ ಸಂತೋಷದಲ್ಲಿ ಈ ಚೀಜನ್ನು ಅವಳಿಗೆ ಕಲಿಸಿಬಿಟ್ಟೆ. ಮಗಳ ಕೈಗೆ ಮನೆಯ ಬಂಗಾರ ಹಾಕಿದ ಹಾಗೆ ಹಾಕಿದ್ದೆ.

ಆ ಬಂಗಾರವನ್ನು ಅವಳು ಕರಗಿಸಿ ಬೇರೆ ಒಡವೆ ಮಾಡಿದ್ದಳು. ಮೊದಲ ಸಾಲು ಹಾಗೇ ಇತ್ತು. ಎರಡನೆಯದರಲ್ಲಿ 'ಬರಿದಾದ ಉಡಿ' ಹೋಗಿ 'ಬಡವಿಯ ಉಡಿ' ಬಂದಿತ್ತು. ಮೂರನೆಯ ಸಾಲು ಪೂರ್ತಿ ಮಾಯ. ನಕ್ಕವರೂ ಇಲ್ಲ, ಅವರೆದುರು ತಲೆ ಎತ್ತುವುದೂ ಇಲ್ಲ. ಆ ಜಾಗದಲ್ಲಿ 'ಗದ್ದುಗೆಯವರನು ನೆಲಕಿಳಿಸಿದನು' ಎಂದಿತ್ತು. ಆಮೇಲೆ ಯಥಾಪ್ರಕಾರ 'ಶ್ಯಾಮದಾಸನ ಧಣಿ ತಾನು'. ಯೇಸುವಿನ ತಾಯಿ ಮರಿಯಳು ಬಸುರಿಯಾದಾಗ ಹಾಡುವ ಹಾಡು ಎಂದು ವಿಡಿಯೋದಲ್ಲಿ ಯಾರೋ ಹೇಳುತ್ತಿದ್ದರು.

ರಮಾಕಾಂತನ ಫೋನು ಬಂತು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅವನಿಗೆ ಸಿಟ್ಟಿಗೇಳಲು ಬೇಕಾದಷ್ಟು ಪುರಸೊತ್ತಿದೆ. ಅಪ್ಪನ ಹಾಡನ್ನು ತಗೊಂಡು ಹೋಗಿ ಪರರ ಪಾಲು ಮಾಡಿದ್ದಾಳೆ, ಇದು ಶುದ್ಧ ಕಳವು, ಜನವರಿಯಲ್ಲಿ ಅಪ್ಪನ ಪುಣ್ಯತಿಥಿಯ ಸಭೆಯಲ್ಲಿ ಅವಳ ಹಾಡಿಕೆ ಇಟ್ಟರೆ ತಾನು ಆ ಕಡೆ ಹಾಯುವುದಿಲ್ಲ ಎಂದ. ನಾನು ಅವನಿಗೆ ಎದುರಾಡಲಿಲ್ಲ. ಚರ್ಚಿನಲ್ಲಿ ಹಾಡಿದಳೆಂದು ನನಗೆ ಸಿಟ್ಟಿರಲಿಲ್ಲ. ಭೂಪಕ್ಕೆ ಯಾವ ಗುಡಿಯಾದರೇನು, ಯಾವ ಚರ್ಚಾದರೇನು. ನನಗೆ ಉರಿದದ್ದು ಬೇರೆ. ನಮ್ಮವ್ವ ಅಷ್ಟು ವರ್ಷ ನುಂಗಿಕೊಂಡ ಅವಮಾನಕ್ಕೆ ಅಪ್ಪ ಕೊಟ್ಟ ಉತ್ತರ ಆ ಮೂರನೆಯ ಸಾಲಿನಲ್ಲಿತ್ತು. ಅದನ್ನು ತೆಗೆಯುವಾಗ ಈ ಹುಡುಗಿ ನನ್ನನ್ನು ಒಂದು ಮಾತು ಕೇಳಲಿಲ್ಲ.

ಫೋನು ಮಾಡಿ, ನಾಳೆಯಿಂದ ಪಾಠಕ್ಕೆ ಬರಬೇಡ ಎಂದೆ. ಅವಳು ಆಗಲಿ ಎಂದಳು. ಏನಾದರೂ ಸಮಜಾಯಿಷಿ ಹೇಳುತ್ತಾಳೆ, ಅತ್ತಾದರೂ ಅಳುತ್ತಾಳೆ ಎಂದುಕೊಂಡಿದ್ದೆ. ಆ ಒಂದೇ ಮಾತಿಗೆ ನನ್ನ ಸಿಟ್ಟು ಇನ್ನಷ್ಟು ಏರಿತು. ಆದರೆ ಸಂಜೆ ಅವಳು ಬರುವ ಹೊತ್ತಿಗೆ ಬಾಗಿಲ ಕಡೆಗೆ ನೋಡುವ ರೂಢಿ ಹೋಗಲಿಲ್ಲ. ಅಪ್ಪನ ಚೀಜುಗಳೆಲ್ಲ ಪೂರ್ತಿ ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ, ನಾನು ಮತ್ತು ಅವಳು. ನನ್ನ ದನಿ ಈಗಾಗಲೇ ಮೇಲಿನ ಷಡ್ಜದಲ್ಲಿ ಒಡೆಯುತ್ತದೆ. ಅವಳನ್ನು ಕಳೆದುಕೊಂಡರೆ ಅಪ್ಪನ ಹಾಡಿಕೆ ನನ್ನೊಂದಿಗೇ ಮುಗಿಯಿತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಟ ಬಿಡಲಿಲ್ಲ.

ಮೂರ್ನಾಲ್ಕು ದಿನ ಬಿಟ್ಟು ಒಬ್ಬರು ಮನೆಗೆ ಬಂದರು. ತೆಳ್ಳನೆಯ ಆಳು, ಕೈಯಲ್ಲಿ ಹೆಲ್ಮೆಟ್ಟು, ಹೆಗಲಿಗೆ ಚೀಲ. ಹೆಸರು ಸತ್ಯಮಿತ್ರ ಎಂದರು. ಕೃಪಾಳ ಚರ್ಚಿನ ಸಭಾಪಾಲಕರು. ಅವರ ಜನ ಅವರನ್ನು ಅಯ್ಯನವರು ಎನ್ನುತ್ತಾರೆ. ರಮಾಕಾಂತ ಅಲ್ಲಿಗೂ ಹೋಗಿ ಜಗಳ ತೆಗೆದನೇನೋ ಎಂದು ಹೆದರಿದೆ. ಅದಲ್ಲ. ಅವರ ಸಮಸ್ಯೆಯೇ ಬೇರೆ ಇತ್ತು. ಅವ್ವ ಅಲ್ಲೇ ಪಡಸಾಲೆಯ ಮೂಲೆಯಲ್ಲಿ ಮೆಂತ್ಯದ ಪಲ್ಯ ಸೋಸುತ್ತ ಕೂತಿದ್ದಳು. ಎಂಬತ್ತೈದು ದಾಟಿದ ಮೇಲೆ ಅವ್ವನಿಗೆ ಕಿವಿ ಮಂದವಾಗಿದೆ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ.

ಅಯ್ಯನವರು ಚಹಾ ಕುಡಿದು ವಿಷಯಕ್ಕೆ ಬಂದರು. ತಾಲೀಮು ಕೇಳಿದ ಅವರ ಸಭೆಯ ಹಿರಿಯರು ಆ ಕೊನೆಯ ಸಾಲಿಗೆ ತಕರಾರು ತೆಗೆದಿದ್ದರು. ಮರಿಯಳ ಬಾಯಲ್ಲಿ ಶ್ಯಾಮದಾಸ ಯಾಕೆ ಬಂದ, ಯಾರು ಆತ, ಅದೊಂದು ಹೆಸರು ತೆಗೆದರೆ ಹಾಡು ಇರಲಿ, ಇಲ್ಲದಿದ್ದರೆ ಬೇಡ ಎಂದು ಕೂತಿದ್ದರು. ಕೃಪಾ ಒಪ್ಪಿರಲಿಲ್ಲ. ಅಂಕಿತ ತೆಗೆದು ಹಾಡಿದರೆ ಅದು ಕಳವಿನ ಮಾಲು ಆಗುತ್ತದೆ, ಹಾಗೆಂದು ನನ್ನ ಬಾಯಾರು ಕಲಿಸಿದ್ದಾರೆ, ಬೇಕಾದರೆ ಹಾಡುವುದನ್ನೇ ಬಿಡುತ್ತೇನೆ ಎಂದು ಎದ್ದು ಹೋಗಿದ್ದಳಂತೆ. ಶಿಷ್ಯರು ಬಾಯಾರು ಎಂದು ಕರೆಯುವುದು ನನ್ನನ್ನೇ. ಹೊರಗೆ ಅಟ್ಟಿದ ಗುರುವಿನ ಮಾತಿಗೆ ಕಟ್ಟುಬಿದ್ದು ಅವಳು ತನ್ನ ಸ್ವಂತ ಜನರ ನಡುವೆಯೂ ಹೊರಗಾಗಿದ್ದಳು. ನನಗೆ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು. ಎರಡನ್ನೂ ಮುಖದ ಮೇಲೆ ತೋರಿಸದೆ ಕೂತೆ.

"ನೀವು ಒಂದು ಮಾತು ಹೇಳಿದ್ರ ಆಕಿ ಆ ಹೆಸರು ತಗೀತಾಳ್ರಿ" ಎಂದರು ಅಯ್ಯನವರು. "ನಾವು ಹೇಳಿದ್ರ ಕೇಳವಲ್ಲಳು."

ಎಂದರೆ ಅವಳು ಹಾಡಬೇಕಾದರೆ ನಾನು ನನ್ನ ಕೈಯಾರೆ ಅಪ್ಪನ ಹೆಸರನ್ನು ಹಾಡಿನಿಂದ ಅಳಿಸಬೇಕು. ನಾನು ಒರಟಾಗಿ ಕೇಳಿದೆ: ನಿಮ್ಮಲ್ಲಿ ನಿಮ್ಮ ಹಾಡುಗಳಿಲ್ಲವೇ, ನಮ್ಮ ಮನೆಯ ಬಾಣಂತಿ ಹಾಡೇ ಮರಿಯಳಿಗೆ ಯಾಕೆ ಬೇಕಾಯಿತು? ಅಯ್ಯನವರು ಬೇಸರ ಮಾಡಿಕೊಳ್ಳಲಿಲ್ಲ. ಮರಿಯಳಿಗೆ ಬಾಣಂತಿ ಹಾಡು ಕಡ ಬಂದದ್ದು ಇದೇ ಮೊದಲಲ್ಲ ಎಂದರು. ಚೀಲದಿಂದ ಬೈಬಲ್ಲು ತೆಗೆದು ಎರಡು ಕಡೆ ಬೆರಳಿಟ್ಟು, ಕತೆ ಹೇಳಲು ಸುರುಮಾಡಿದರು.

ಯೇಸುವಿಗಿಂತ ಸುಮಾರು ಸಾವಿರ ವರ್ಷ ಹಿಂದಿನ ಕತೆ, ಯೆಹೂದ್ಯರ ಹಳೆಯ ಗ್ರಂಥದಲ್ಲಿ ಬರುತ್ತದೆ. ಹನ್ನಳು ಎಂಬ ಹೆಂಗಸು. ಮಕ್ಕಳಿಲ್ಲ. ಗಂಡನ ಇನ್ನೊಬ್ಬ ಹೆಂಡತಿಗೆ ಮಕ್ಕಳಿವೆ, ಆಕೆ ಇವಳನ್ನು ಚುಚ್ಚಿ ಚುಚ್ಚಿ ಅಳಿಸುತ್ತಾಳೆ. ಹನ್ನಳು ದೇವರ ಗುಡಿಗೆ ಹೋಗಿ ಕೂತು ಪ್ರಾರ್ಥನೆ ಮಾಡುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ. ಇವಳು ಕುಡಿದಿದ್ದಾಳೆ ಎಂದು ಪೂಜಾರಿ ಗದರಿಸುತ್ತಾನೆ. ಮುಂದೆ ಅವಳಿಗೆ ಮಗ ಹುಟ್ಟುತ್ತಾನೆ, ಅವಳು ಒಂದು ಹಾಡು ಹಾಡುತ್ತಾಳೆ. ಬಲಿಷ್ಠರ ಬಿಲ್ಲು ಮುರಿಯಿತು, ಹಸಿದವರ ಹಸಿವು ಹಿಂಗಿತು, ಬಂಜೆಯ ಮನೆ ಮಕ್ಕಳಿಂದ ತುಂಬಿತು, ವೈರಿಗಳ ಮುಂದೆ ನನ್ನ ಬಾಯಿ ಗಟ್ಟಿಯಾಯಿತು ಎಂಬ ಅರ್ಥದ ಹಾಡು.

ಕೇಳುತ್ತ ಕೇಳುತ್ತ ನನ್ನ ಕಣ್ಣು ಅವ್ವನ ಕಡೆಗೆ ಹೋಯಿತು. ಅವ್ವ ಮೆಂತ್ಯದ ದಂಟು ಮುರಿಯುತ್ತಿದ್ದಳು.

ಆಮೇಲೆ ಅಯ್ಯನವರು ಇನ್ನೊಂದು ಕಡೆ ತೆರೆದು ಮರಿಯಳ ಹಾಡು ಓದಿದರು. ಯೇಸುವಿನ ಕತೆ ಬರೆದವರಲ್ಲಿ ಒಬ್ಬರು, ಯಾರೆಂದು ಖಚಿತವಾಗಿ ಗೊತ್ತಿಲ್ಲ, ಆ ಹಳೆಯ ಗ್ರಂಥದ ಗ್ರೀಕ್ ಅನುವಾದವನ್ನು ಅರೆದು ಕುಡಿದವರು, ಹನ್ನಳ ಹಾಡಿನ ಧಾಟಿ ಹಿಡಿದು ಮರಿಯಳಿಗೆ ಹಾಡು ಕಟ್ಟಿದ್ದಾರೆ. ಸಾಲುಸಾಲಿಗೂ ಹನ್ನಳ ದನಿ ಕೇಳುತ್ತದೆ. ಆದರೆ ಏನು ಬಿಟ್ಟಿದ್ದಾರೆ, ಏನು ಇಟ್ಟಿದ್ದಾರೆ ನೋಡಿ ಎಂದರು. ಮರಿಯಳು ಬಂಜೆಯಲ್ಲ, ಸಣ್ಣ ವಯಸ್ಸಿನ ಬಡ ಹುಡುಗಿ; ಆದ್ದರಿಂದ ಬಂಜೆಯ ಮಾತಿಲ್ಲ. ಅವಳಿಗೆ ಸವತಿಯಿಲ್ಲ, ವೈರಿಗಳ ಮುಂದೆ ಬಾಯಿ ಗಟ್ಟಿಯಾದ ಮಾತೂ ಇಲ್ಲ. ಮೇಲಿದ್ದವರು ಕೆಳಗಿಳಿಯುವುದು, ಹಸಿದವರು ಉಣ್ಣುವುದು, ಇವೆರಡು ಗಟ್ಟಿಯಾಗಿ ಉಳಿದಿವೆ. ಒಬ್ಬ ಹೆಂಗಸಿನ ಸಂಕಟ ತೀರಿದ್ದರ ಹಾಡು ಒಂದು ಊರಿನ, ಒಂದು ನಾಡಿನ ಬಡವರೆಲ್ಲರ ಹಾಡಾಗಿದೆ.

ನಾನು ಹಾಡು ಕಟ್ಟುವವರ ಮಗಳು. ಒಂದು ಹಳೆಯ ಚೀಜಿಗೆ ಹೊಸ ಮಾತು ಕೂಡಿಸುವುದು ಎಂಥ ಪಡಿಪಾಟಲು ಎಂದು ಬಲ್ಲೆ. ನೂರರಲ್ಲಿ ತೊಂಬತ್ತು ಜನ ಹಳೆಯದನ್ನು ಕೆಡಿಸಿ ಇಡುತ್ತಾರೆ. ಈ ಮನುಷ್ಯ, ಎಂದೋ, ಎಲ್ಲಿಯೋ ಕೂತು ಬರೆದವನು, ಕೆಡಿಸಿರಲಿಲ್ಲ. ಬಹಳ ದಿನ ನೊಂದ ಹೆಂಗಸಿನ ಕಂಠದಲ್ಲಿ ಇದ್ದುದನ್ನು ಒಬ್ಬ ಎಳೆಯ ಹುಡುಗಿಯ ಕಂಠಕ್ಕೆ ಇಳಿಸಿದ್ದ, ಶ್ರುತಿ ಬದಲಿಸಿದ್ದ, ಚೀಜಿನ ಚಲನೆಗೆ ಕೈ ಹಚ್ಚಿರಲಿಲ್ಲ. ಅವನು ನನ್ನೆದುರು ಇದ್ದಿದ್ದರೆ ಭಲೆ ಎನ್ನುತ್ತಿದ್ದೆ. ಇನ್ನೊಮ್ಮೆ ಓದಿ ಎಂದೆ. ಅಯ್ಯನವರು ಓದಿದರು.

ಮರಿಯಳ ಹಾಡು ಒಂದೇ ಅಲ್ಲವಂತೆ. ಯೇಸುವಿನ ಮೊದಲ ಶಿಷ್ಯರೆಲ್ಲ ಯೆಹೂದ್ಯರೇ; ಅವರಿಗಿದ್ದ ಪವಿತ್ರ ಗ್ರಂಥ ಅದೊಂದೇ ಆಗಿತ್ತು. ತಮ್ಮ ಗುರು ಶಿಲುಬೆಯ ಮೇಲೆ ಸತ್ತದ್ದನ್ನು ಹೇಳಲು ಮಾತು ಸಾಲದಾದಾಗ ಒಂದು ಹಳೆಯ ಕೀರ್ತನೆಯ ಗೋಳನ್ನು ತಂದುಕೊಂಡರು. ಬಟ್ಟೆಗೆ ಚೀಟಿ ಹಾಕುವವರು, ತಲೆ ಅಲ್ಲಾಡಿಸಿ ಹಂಗಿಸುವವರು, ಕೈಬಿಟ್ಟೆಯಾ ದೇವರೇ ಎಂಬ ಕೂಗು, ಎಲ್ಲ ಆ ಕೀರ್ತನೆಯಲ್ಲಿ ಮೊದಲೇ ಇದ್ದವು. ಹುಟ್ಟಿದ ಕೂಸನ್ನು ಕ್ರೂರ ಅರಸನಿಂದ ಬಚ್ಚಿಡುವ ಕತೆ ಬಂದಾಗ, ಗಂಡುಕೂಸುಗಳನ್ನು ಕೊಲ್ಲಿಸಿದ ಹಿಂದಿನ ಅರಸನ ಕತೆಯ ನೆರಳು ಬಂತು. ಕೇಳುವವರಿಗೆ ಹಳೆಯದು ಬಾಯಿಪಾಠ ಇತ್ತು. ಒಂದು ಸಾಲು ಎತ್ತಿದರೆ ಸಾಕು, ಹಿಂದಿನದೆಲ್ಲ ಅವರ ಮನಸ್ಸಿನಲ್ಲಿ ತಾನಾಗಿ ಹಾಡಿಕೊಳ್ಳುತ್ತಿತ್ತು. ಹೊಸದು ನಿಂತದ್ದು ಆ ಬಲದ ಮೇಲೆ ಎಂದರು ಅಯ್ಯನವರು. ಇದನ್ನು ಹೇಳುವಾಗ ಅವರ ಮುಖ ಅರಳಿತ್ತು. ಎಷ್ಟೋ ವರ್ಷ ಓದಿದರೂ ಆ ಕೆಲಸದ ಬೆರಗು ಅವರಿಗೆ ಹಳತಾಗಿರಲಿಲ್ಲ.

ನನಗೂ ಬೆರಗಾಗಿತ್ತು, ಆದರೆ ನನ್ನ ಜಗಳ ಇನ್ನೂ ಮುಗಿದಿರಲಿಲ್ಲ.

"ಮರಿಯಳಿಗೆ ಹಾಡು ಕಟ್ಟಿದವರು ಹನ್ನಳ ಮನಿಯವರನ್ನ ಕೇಳಿದ್ರೇನ್ರಿ?" ಎಂದೆ.

ಅಯ್ಯನವರು ನಕ್ಕರು. ಸಾವಿರ ವರ್ಷದ ಆಚೆ ಯಾರನ್ನು ಕೇಳುವುದು ಎಂದರು. ಹಾಗಾದರೆ ಹನ್ನಳ ಹೆಸರಾದರೂ ಹಾಕಿದ್ದಾರೆಯೇ ಎಂದು ಕೇಳಿದೆ. ಇಲ್ಲ ಎಂದರು. ಮತ್ತೊಮ್ಮೆ ಕೊನೆಯ ಸಾಲುಗಳನ್ನು ಓದಿಸಿದೆ. ಮರಿಯಳು ಹಾಡು ಮುಗಿಸುವಾಗ, ದೇವರು ನಮ್ಮ ಹಿರಿಯರಿಗೆ ಕೊಟ್ಟ ಮಾತು ನೆನಪಿಟ್ಟುಕೊಂಡ ಎನ್ನುತ್ತಾಳೆ, ಅಬ್ರಹಾಮನ ಹೆಸರು ಹೇಳುತ್ತಾಳೆ. ಅಬ್ರಹಾಮ ಯಾರು ಎಂದೆ. ಯೆಹೂದ್ಯರ ಮೂಲಪುರುಷ ಎಂದರು. ಹನ್ನಳ ಮುತ್ತಜ್ಜನ ಮುತ್ತಜ್ಜ ಎಂದುಕೊಳ್ಳಿ ಎಂದರು.

"ಮತ್ತ ಅಂಕಿತ ಅದ ನೋಡ್ರಿ ಅಯ್ಯನವರ" ಎಂದೆ. "ಹಾಡಿನ ಕೊನಿಗೆ, ಅಂಕಿತ ಇರೂ ಜಾಗಾದಾಗ, ಹಳೇ ಮನಿಯವರ ಹೆಸರು ಇಟ್ಟಾರ. ಈ ಹಾಡು ಎಲ್ಲಿಂದ ಬಂತು ಅಂತ ಹೇಳೇ ಮುಗಿಸ್ಯಾರ."

ಅವರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಆ ಸಾಲನ್ನೇ ನೋಡುತ್ತ ಕೂತರು. ಹಾಗೆ ತಾವು ಎಂದೂ ಓದಿರಲಿಲ್ಲ ಎಂದರು. ಆಮೇಲೆ ಒಂದು ನೋವಿನ ಮಾತನ್ನೂ ಅವರೇ ಹೇಳಿದರು. ಬರೆದವರು ಆ ಹೆಸರು ಇಟ್ಟರು, ಮುಂದೆ ಬಂದ ನಮ್ಮವರಲ್ಲಿ ಎಷ್ಟೋ ಜನ ಅದನ್ನು ಮರೆತರು. ಹಳೆಯ ಹಾಡು ಬರೀ ನಮ್ಮ ಹಾಡಿಗೆ ಕಾಯುತ್ತ ಕೂತಿತ್ತು, ಅದರ ಧಣಿಗಳಿಗೇ ಅದರ ಅರ್ಥ ತಿಳಿದಿರಲಿಲ್ಲ ಎಂದು ಹೇಳುತ್ತ ಹೋದರು. ಆ ಮಾತಿನಿಂದ ಯೆಹೂದ್ಯರು ಪಟ್ಟ ಪಾಡು ಸಣ್ಣದಲ್ಲ. ಅವರ ಪ್ರಾರ್ಥನಾಮಂದಿರಗಳಲ್ಲಿ ಹನ್ನಳ ಹಾಡನ್ನು ಇಂದಿಗೂ ಓದುತ್ತಾರೆ, ಅದು ಅವರಿಗೆ ಪೂರ್ತಿ ಹಾಡೇ.

ಇದಕ್ಕೇ ನಾನು ಅಂಕಿತ ತೆಗೆಯಬಾರದು ಎನ್ನುವುದು ಎಂದೆ. ಆದರೆ ಹಿರಿಯರು ಒಪ್ಪಬೇಕಲ್ಲ ಎಂದರು ಅವರು. ತಿರುಗಿ ಮೊದಲಿಗೇ ಬಂದು ನಿಂತೆವು. ಅವಳು ಹಾಡಬೇಕಾದರೆ ಹೆಸರು ಹೋಗಬೇಕು, ಹೆಸರು ಉಳಿಯಬೇಕಾದರೆ ಅವಳು ಹಾಡಬಾರದು. ಅಷ್ಟರಲ್ಲಿ ಅಯ್ಯನವರು ಇನ್ನೊಂದು ವಿಷಯ ನೆನಪಿಸಿಕೊಂಡರು. ಹನ್ನಳ ಹಾಡಿನ ಕೊನೆಗೆ ಅರಸನ ಮಾತು ಬರುತ್ತದಂತೆ. ಅವಳ ಕಾಲದಲ್ಲಿ ಆ ಜನಕ್ಕೆ ಅರಸನೇ ಇರಲಿಲ್ಲ. ಹೀಗಾಗಿ ಆ ಹಾಡೂ ಬೇರೆಲ್ಲಿಯೋ ಹುಟ್ಟಿದ್ದು, ಆಮೇಲೆ ಯಾರೋ ತಂದು ಹನ್ನಳ ಬಾಯಲ್ಲಿ ಇಟ್ಟದ್ದು ಎಂದು ಬಲ್ಲವರು ಅನ್ನುತ್ತಾರಂತೆ. ಮೊದಲು ಅದನ್ನು ಯಾರು ಹಾಡಿದರೋ ಗೊತ್ತಿಲ್ಲ ಎಂದರು.

ಆಗ ಅವ್ವ ಮೆಂತ್ಯದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಹಾಡು ಯಾರದು ಅಂತ ನನ್ನೊಬ್ಬಾಕಿನ್ನ ಬಿಟ್ಟು ಎಲ್ಲಾರೂ ಮಾತಾಡ್ಲಿಕ್ಕತ್ತೀರಿ" ಎಂದಳು.

ಇಷ್ಟು ಹೊತ್ತು ಅವಳು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಏನೋ ಹೇಳಲು ಹೋದೆ, ಕೈ ಅಡ್ಡ ಹಿಡಿದಳು. ನಾನು ಹೊಟ್ಟೆಯಲ್ಲಿದ್ದಾಗ ಅವ್ವ ಗುಡಿಯಲ್ಲಿ ಕೂತು ಮನಸ್ಸಿನಲ್ಲೇ ಹೆಣೆದ ಎರಡು ಸಾಲು ಅವು, ಅರಿತನು ಎಂಬುದು ಮತ್ತು ಬರಿದಾದ ಉಡಿಯದು. ಆಗ ಬಾಯಿಬಿಟ್ಟು ಹಾಡುವ ಧೈರ್ಯ ಇರಲಿಲ್ಲವಂತೆ.

"ನೀ ಹುಟ್ಟಿದ ಮ್ಯಾಲೆ ನಿನ್ನ ಮಲಗಸಿಕೊಂಡು ಗುಣುಗುಣು ಅಂತಿದ್ದೆ. ನಿಮ್ಮಪ್ಪ ಹೊರಗ ಕೂತು ಕೇಳಿದ್ರು. ಅದನ್ನ ಭೂಪದಾಗ ಕೂಡಿಸಿ, ಮ್ಯಾಲೆರಡು ಸಾಲು ಹಚ್ಚಿ, ತಮ್ಮ ಹೆಸರು ಹಾಕಿ ಹಾಡಿದ್ರು. ಭಾಳ ಛಲೋ ಹಾಡಿದ್ರು. ಆದರ ನನ್ನ ಕೇಳಲಿಲ್ಲ." ಅವ್ವ ಸೆರಗಿನ ಮೇಲೆ ಬಿದ್ದ ಮೆಂತ್ಯದ ಎಲೆ ಕೊಡವಿದಳು. "ಈ ಹುಡುಗಿ ಕೇಳಿದ್ಲು."

ಮೊದಲ ಸಾಲನ್ನು ಯಾವಾಗಲೂ ಅವ್ವನೇ ಎತ್ತಿಕೊಡುವುದು ಯಾಕೆ ಎಂದು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎಲ್ಲಿಂದಲೋ ಬಂದ ಕೃಪಾ ಕೇಳಿದ್ದಳು. ನಾನು ಪೇಟೆಗೆ ಹೋದ ಒಂದು ಸಂಜೆ ಅವ್ವನ ಪಕ್ಕ ಕೂತು, ಅಜ್ಜಿ, ಇದು ನಿಮ್ಮ ಹಾಡಲ್ಲವೇ ಎಂದಿದ್ದಳು. ಮರಿಯಳ ಕತೆ ಹೇಳಿ, ಅವಳಿಗೆ ಇದನ್ನು ಕೊಡಲೇ ಎಂದಿದ್ದಳು. ಕೊಡು ಎಂದ ಅವ್ವ, ನನ್ನ ಮಗಳು ಸುಲಭಾಗೆ ನಾನೇ ಹೇಳುತ್ತೇನೆ ಎಂದು ಮಾತು ಕೊಟ್ಟು, ಮರೆತಿದ್ದಳು. ನಾನು ಫೋನಿನಲ್ಲಿ ಕೂಗಾಡಿದಾಗ ಕೃಪಾ ಬಾಯಿ ಮುಚ್ಚಿಕೊಂಡದ್ದು ಅವ್ವನ ಮೇಲೆ ಮಾತು ಬರಬಾರದೆಂದು.

ಮೂರನೆಯ ಸಾಲನ್ನು ತೆಗೆಸಿದ್ದೂ ಅವ್ವನೇ.

"ನಕ್ಕವರೆಲ್ಲಾ ಸತ್ತು ಹೋದ್ರಲ್ಲ" ಎಂದಳು. "ಇನ್ನ ಯಾರ ಮುಂದ ತಲಿ ಎತ್ತಲಿ? ನನ್ನ ನೆಗೆಣ್ಣಿ ಕಡೀಕ ಹಾಸಿಗಿ ಹಿಡದಾಗ ನಾನೇ ಆಕಿ ತಲಿ ಬಾಚಿದ್ದು. ಆ ಸಾಲು ನಿಮ್ಮಪ್ಪಂದು, ನಂದಲ್ಲ. ನನಗ ಅದು ಎಂದೂ ಹಿಡಸಲಿಲ್ಲ."

ಯಾವ ಸಾಲಿಗಾಗಿ ನಾನು ನನ್ನ ಶಿಷ್ಯೆಯನ್ನು ಅಟ್ಟಿದೆನೋ ಆ ಸಾಲು ಅವ್ವನಿಗೆ ಬೇಡವಾಗಿತ್ತು. ಅದನ್ನು ಹಾಡುತ್ತ ನಾನೊಬ್ಬಳೇ ಇಷ್ಟು ವರ್ಷ ಸೇಡು ತೀರಿಸಿಕೊಳ್ಳುತ್ತಿದ್ದೆ.

ಅಯ್ಯನವರು ಅವ್ವನ ಕಡೆ ತಿರುಗಿ, ಬಹಳ ಸಂಕೋಚದಿಂದ, ಹಾಗಾದರೆ ನೀವೇ ಹೇಳಿ ತಾಯಿ, ಆ ಹೆಸರು ಇರಬೇಕೋ ಬಿಡಬೇಕೋ ಎಂದು ಕೇಳಿದರು. ಅಪ್ಪ ಕೇಳದೆ ತೆಗೆದುಕೊಂಡದ್ದಾದ ಮೇಲೆ ಅವ್ವ ಬಿಡಿ ಎನ್ನುತ್ತಾಳೆ ಎಂದು ನಾನೂ ಅಂದುಕೊಂಡೆ.

"ಇರಬೇಕು" ಎಂದಳು ಅವ್ವ. "ನಮ್ಮ ಕಾಲದಾಗ ಗಂಡನ ಹೆಸರು ಬಾಯಿಲೆ ಅನ್ನೂ ಹಂಗಿರಲಿಲ್ರಿ. ಇವರೂ, ಅವರೂ, ಹಿಂಗನ ಅಂದು ಜನ್ಮ ಕಳದೆ. ಶ್ಯಾಮ ಅಂತ ನಾ ಬಾಯಿಬಿಟ್ಟು ಅಂದದ್ದು ಆ ಹಾಡಿನ್ಯಾಗ ಒಂದ. ಅವರು ಕುಡಿಮೀಸಿ ಒಳಗ ನಗತಿದ್ರು. ಅದನ್ನ ತಗೀಬ್ಯಾಡ್ರಿ."

ಅಯ್ಯನವರು ಎದ್ದು ನಿಂತು ಅವ್ವನಿಗೆ ಕೈಮುಗಿದರು. ಹಿರಿಯರಿಗೆ ತಾವೇ ಹೇಳುವುದಾಗಿ ಹೇಳಿ ಹೋದರು. ಅವರು ಗೇಟು ದಾಟುವ ಮೊದಲೇ ನಾನು ಕೃಪಾಗೆ ಫೋನು ಹಚ್ಚಿದ್ದೆ. ತಪ್ಪಾಯಿತು ಎಂದೆ. ಗುರುವಾದವರಿಗೆ ಆ ಶಬ್ದ ರೂಢಿ ಇರುವುದಿಲ್ಲ, ಎರಡು ಸಲ ಹೇಳಬೇಕಾಯಿತು. ಆ ಕಡೆಯಿಂದ ಅವಳು ಈಗ ಅತ್ತಳು.

ರಮಾಕಾಂತನಿಗೆ ಅವ್ವನೇ ಫೋನು ಮಾಡಿ ಎಲ್ಲ ಹೇಳಿದಳು. ನಾನು ಹೇಳಿದ್ದರೆ ವಾದ ಮಾಡುತ್ತಿದ್ದ. ಅವ್ವನ ಮಾತು ಮುಗಿದ ಮೇಲೆ ಅವನು, ಕ್ರಿಸ್‌ಮಸ್ಸಿಗೆ ಚರ್ಚಿಗೆ ಹೋಗುವುದಾದರೆ ಕಾರು ತಾನೇ ತರುತ್ತೇನೆ, ಅವ್ವನಿಗೆ ಬಸ್ಸಿನಲ್ಲಿ ಆಗುವುದಿಲ್ಲ ಎಂದನಂತೆ. ನನ್ನ ತಮ್ಮ ಸೋಲೊಪ್ಪುವುದು ಯಾವಾಗಲೂ ಹೀಗೇ.

ಆ ದಿನ ಚರ್ಚು ತುಂಬಿತ್ತು. ಹಾಡಿಗಿಂತ ಮೊದಲು ಅಯ್ಯನವರು ಎದ್ದು ನಿಂತು, ಈ ಹಾಡಿನ ಕೊನೆಗೆ ಒಂದು ಹೆಸರು ಬರುತ್ತದೆ, ಅದು ಇದನ್ನು ಕಟ್ಟಿದವರ ಹೆಸರು, ಮರಿಯಳು ತನ್ನ ಹಾಡಿನ ಕೊನೆಗೆ ಹಳೆಯ ಮನೆಯನ್ನು ನೆನೆದ ಹಾಗೆ ನಾವೂ ಇದು ಬಂದ ಮನೆಯನ್ನು ನೆನೆಯೋಣ ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈಕಟ್ಟಿಕೊಂಡು ಮಾಡಿನ ಕಡೆಗೆ ನೋಡಿದರು. ಎದ್ದು ಮಾತ್ರ ಹೋಗಲಿಲ್ಲ. ಕೃಪಾ ಹಾಡಿದಳು. ಗಂಧಾರದ ಮೇಲೆ ನಿಂತು 'ಬಡವಿಯ ಉಡಿ' ಎಂದಾಗ ನನಗೆ ಮರಿಯಳು ಕಂಡಳು, ಹನ್ನಳು ಕಂಡಳು, ಗುಡಿಯ ಕಂಬಕ್ಕೆ ಒರಗಿ ಕೂತ ಅವ್ವನೂ ಕಂಡಳು. ಯಾರೂ ಯಾರ ಜಾಗವನ್ನೂ ಕಸಿದುಕೊಂಡಿರಲಿಲ್ಲ. 'ಗದ್ದುಗೆಯವರನು' ಎಂದು ಅವಳು ಮೇಲಿನ ಷಡ್ಜಕ್ಕೆ ಏರಿದಾಗ ನಾನು ಎಲ್ಲರ ನಡುವೆ ಕೂತು ಅತ್ತೆ. ನಮ್ಮಪ್ಪನ ಸಾಲಿಗಿಂತ ಅದು ದೊಡ್ಡ ಸಾಲು. ಅಪ್ಪ ಇದ್ದಿದ್ದರೂ ಅದನ್ನೇ ಅನ್ನುತ್ತಿದ್ದರು.

ಎರಡು ದಿನ ಬಿಟ್ಟು ಕೃಪಾ ಪಾಠಕ್ಕೆ ಬಂದಳು. ಪುಣ್ಯತಿಥಿ ಹತ್ತಿರ ಬರುತ್ತಿತ್ತು. ಅವಳು ಯಾವ ರಾಗ ಹಾಡಬೇಕು, ಎಷ್ಟು ಹೊತ್ತು ಹಾಡಬೇಕು ಎಂದೆಲ್ಲ ಮಾತಾದ ಮೇಲೆ, ಇಡೀ ದಿನ ಮನಸ್ಸಿನಲ್ಲಿ ಹೊರಳಿಸಿಕೊಂಡ ಮಾತನ್ನು ಆಡಿದೆ.

"ಕೃಪಾ, ನೀ ಕಟ್ಟಿದ ಹಾಡನ್ನ ಅವತ್ತ ನಾನೂ ಹಾಡಬೇಕಂತೀನಿ. ಹಾಡಲೇನು?"

ಅವಳು ಗಾಬರಿಯಾದಳು. ನೀವು ನನ್ನನ್ನು ಕೇಳುವುದೇ ಬಾಯಾರ ಎಂದಳು.

"ಕೇಳಬೇಕವಾ" ಎಂದೆ. "ನಮ್ಮ ಮನ್ಯಾಗ ಇಷ್ಟು ದಿನ ಆ ಪದ್ಧತಿ ಇರಲಿಲ್ಲ."

ಕೂಡಲೇ ಹೂಂ ಎನ್ನಬಹುದಾಗಿತ್ತು. ಅವಳು ಅನ್ನಲಿಲ್ಲ. ತಲೆ ತಗ್ಗಿಸಿ ಖರೇ ವಿಚಾರ ಮಾಡಿದಳು. ನನಗೆ ಅದೇ ಹೆಚ್ಚು ಸೇರಿತು.

"ಹಾಡ್ರಿ" ಎಂದಳು. "ಆದರ ನಕ್ಕವರ ಸಾಲು ಮಾತ್ರ ತಿರುಗಿ ತರಬ್ಯಾಡ್ರಿ, ಬಾಯಾರ. ಅಜ್ಜಿಗೆ ನಾ ಮಾತು ಕೊಟ್ಟೇನಿ."

ನಾನು ತಂಬೂರಿಯನ್ನು ಅವಳ ಕೈಗೆ ಕೊಟ್ಟು, ಕಲಿಯಲು ಎದುರಿಗೆ ಕೂತೆ.